ಹುಲಿಗೆವ್ವನ ಡೊಂಕು ಬೆರಳು

ನಮ್ಮತ್ತೆ ಹುಲಿಗೆವ್ವನಿಗೆ ಕೈ ಮುಂದು, ಮಾತು ಹಿಂದು. ಮೊದಲು ಹೊಡೆಯುವುದು, ಆಮೇಲೆ ಯಾಕೆ ಹೊಡೆದೆ ಎಂದು ಹೇಳುವುದು ಅವಳ ಪದ್ಧತಿ. ಹಿರೇಕೊಟ್ನೆಕಲ್ಲಿನಲ್ಲಿ ಅವಳಿಂದ ಏಟು ತಿನ್ನದವರು ಇದ್ದರೆ ಅವರು ಊರಿಗೆ ಹೊಸಬರೇ ಇರಬೇಕು. ನಾನು ಸೊಸೆಯಾಗಿ ಹೋದ ವಾರವೇ, ನಮ್ಮ ಎಮ್ಮೆಗೆ ಕಲ್ಲೆಸೆದ ಪಕ್ಕದ ಮನೆಯವನನ್ನು ಕಸಬರಿಗೆ ಮುರಿಯುವ ತನಕ ಬಡಿದಳು. ಅದನ್ನು ನೋಡಿ, ತವರಿಗೆ ಹೋಗುವ ಬಸ್ಸು ಎಷ್ಟೊತ್ತಿಗೆ ಎಂದು ಗಂಡನನ್ನು ಕೇಳಿದ್ದೆ.

ಅವಳು ದೇವದುರ್ಗದ ಕಡೆಯವಳು, ಕೃಷ್ಣಾ ನದಿಯ ದಂಡೆಯಲ್ಲಿ ಬೆಳೆದವಳು. ಮೀನಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ರಾಯಚೂರಿನ ಡಾಕ್ಟರಮ್ಮನದೊಂದು ಬಿಟ್ಟು. ನನ್ನ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಗಿತ್ತು. ಎರಡನೆಯದು ನಿಂತಾಗ ಆ ಡಾಕ್ಟರಮ್ಮ, “ಮೈಯಲ್ಲಿ ರಕ್ತ ಕಡಿಮೆ ಇದೆ. ಮಾತ್ರೆ ತಗೋ, ಮೀನೂ ತಿನ್ನು. ತಾಜಾ ಇರಲಿ, ಪೂರ್ತಿ ಬೇಯಲಿ. ಸಮುದ್ರದ ದೊಡ್ಡ ಮೀನು ಬೇಡ, ಇಟ್ಟು ಹಳಸಿದ್ದು ಬೇಡ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಗಲ್ಲ ಹಿಡಿದು, “ಇವತ್ತಿನಿಂದ ಈ ಬಾಯಿ ನಂದು. ನಾ ನೋಡಿ ಕೊಟ್ಟದ್ದಷ್ಟ ಒಳಗ ಹೋಗಬೇಕು” ಎಂದಳು.

ಆ ಮಾತನ್ನು ಅವಳು ಕೈಯಿಂದಲೇ ನಡೆಸಿದಳು. ಮಾನ್ವಿಯ ಸಂತೆಯಲ್ಲಿ ಒಬ್ಬ, “ಈಗ ಹಿಡಿದದ್ದು ನೋಡವ್ವಾ” ಎಂದು ಮೀನು ಮುಂದಿಟ್ಟ. ಅತ್ತೆ ಕಿವಿರು ಎತ್ತಿದಳು. ಕೆಂಪಗಿರಬೇಕಾದದ್ದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಲ ಹಿಡಿದು ಅದೇ ಮೀನಿನಿಂದ ಅವನ ಕೆನ್ನೆಗೆ ಬಾರಿಸಿದಳು. ಅವನು ತೂಕದ ಕಲ್ಲು ಬೀಸಿದ. ಅವಳ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಇನ್ನೊಂದು ಬಾರಿಸಿ, “ಬಸರ ಹೆಂಗಸಿಗೆ ಕೊಳತದ್ದು ಮಾರ್ತಿ ಏನಲೇ ಬಾಡ್ಯಾ?” ಎಂದಳು. ಆಮೇಲೆ ಸೆರಗಿನಿಂದ ರಕ್ತ ಒರೆಸಿಕೊಂಡು ಪಕ್ಕದವನ ಹತ್ತಿರ ಹೋಗಿ, “ಯಣ್ಣಾ, ಜೀವಂತವು ಅದಾವೇನ್ರೀ?” ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಅವಳು ಕೈ ಹಾಕುವ ಮೊದಲೇ ಆತ ಎಲ್ಲ ಮೀನಿನ ಕಿವಿರೂ ಎತ್ತಿ ತೋರಿಸಿದ.

ನನಗೆ ಅವಳೆಂದರೆ ಮೈ ಉರಿಯುತ್ತಿತ್ತು. ಮೀನು ಮುಳ್ಳು ಬಿಡುವ ತನಕ ಕುದಿಸುತ್ತಿದ್ದಳು. ಬೆಳಗಿನ ಸಾರಿಗೆ ಸಂಜೆ ಕೈ ಹಾಕಿದರೆ ಸೌಟಿನಿಂದ ಗೆಣ್ಣಿಗೆ ಬೀಳುತ್ತಿತ್ತು. ಬಸುರಿಯ ಆಸೆ ಎಂಥದೆಂದು ಈ ರಾಕ್ಷಸಿಗೆ ಏನು ಗೊತ್ತು ಎಂದು ಬೈದುಕೊಳ್ಳುತ್ತಿದ್ದೆ.

ಏಳನೇ ತಿಂಗಳಲ್ಲಿ ಒಂದು ದಿನ ಅತ್ತೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಳು. ನನ್ನ ಗಂಡ ಯಂಕೋಬ ಹಳ್ಳದಿಂದ ಬಕೆಟ್ ತುಂಬ ಮೀನು ತಂದ. “ತಾವ ತೇಲಿ ಬರಾಕತ್ತಾವ, ಬಲಿನೂ ಬೇಕಾಗಿಲ್ಲ” ಎಂದು ಕುಣಿದಾಡಿದ. ನಾನು ಹಿಗ್ಗಿನಿಂದ ಸಾರು ಮಾಡಿ ಮೊದಲ ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. ಅತ್ತೆ ಹೊಲದಿಂದ ಓಡಿ ಬಂದಿದ್ದಳು. ಬಂದವಳೇ ನನ್ನ ದವಡೆಗೆ ಹೊಡೆದಳು.

“ಉಗುಳಬೇ! ನುಂಗಬ್ಯಾಡ!”

ಸಿಟ್ಟಿಗೆ ನಾನು ಹಲ್ಲು ಕಚ್ಚಿದೆ. ಅವಳು ಜುಟ್ಟು ಹಿಡಿದು ನೆಲಕ್ಕೆ ಬಗ್ಗಿಸಿ ಬಾಯೊಳಗೆ ಬೆರಳು ತುರುಕಿದಳು. ನಾನು ಮೈಮೇಲೆ ಬಂದವರಂತೆ ಆ ಬೆರಳನ್ನು ಕಚ್ಚಿದೆ. ಎಲುಬು ಹಲ್ಲಿಗೆ ಸಿಕ್ಕಿತು, ಬಾಯಿ ತುಂಬ ಅವಳ ರಕ್ತ. ಅವಳು ಬೆರಳು ತೆಗೆಯಲಿಲ್ಲ. ತುತ್ತು ಪೂರ್ತಿ ಹೊರಗೆ ಬಂದ ಮೇಲೆಯೇ ತೆಗೆದಳು. ಆಮೇಲೆ ಗಡಿಗೆಯನ್ನು ಅಂಗಳಕ್ಕೆ ಒದ್ದು, ಒಲೆಯ ಕಟ್ಟಿಗೆ ಎಳೆದು ಮಗನ ತಲೆ ಒಡೆದಳು.

“ಮೇಲಿನ ಹಳ್ಳಕ್ಕ ಯಾರೋ ಹತ್ತಿ ಎಣ್ಣಿ ಸುರುವ್ಯಾರ ಮೀನಿನ ಸಲುವಾಗಿ! ನೀ ಬಕೆಟ್ ತುಂಬಿಕೊಂಡು ಹೋದಿ ಅಂತ ಹೊಲದಾಗ ಹೇಳಿದ್ರು! ತೇಲಿ ಬಂದ್ವು ಅಂದ್ರ ಯಾಕ ಸತ್ತ್ವು ಅಂತ ಕೇಳಬೇಕಿಲ್ಲೇನೋ ಮೂಳಾ?”

ಹತ್ತಿಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಅಂಗಳದಲ್ಲಿ ಚೆಲ್ಲಿದ್ದನ್ನು ನೆಕ್ಕಿದ ನಾಯಿ ಸಂಜೆಯೊಳಗೆ ನೊರೆ ಕಾರಿ ಕಾಲು ಒದರುತ್ತ ಸತ್ತಿತು. ಅಷ್ಟೊತ್ತಿಗೆ ಅತ್ತೆ ನನ್ನನ್ನು ರಾಯಚೂರಿನ ಆಸ್ಪತ್ರೆಗೆ ಹಾಕಿ ಬಾಗಿಲಲ್ಲಿ ಕೂತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು. ಹೊಟ್ಟೆಯೊಳಗೆ ಕೂಸು ಒದ್ದಾಗ ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮಗಳು ಹುಟ್ಟಿದಳು. ಅತ್ತೆಯ ತೋರುಬೆರಳು ಮತ್ತೆ ನೆಟ್ಟಗಾಗಲಿಲ್ಲ. ಮೊಮ್ಮಗಳು ಅದನ್ನು ಹಿಡಿದುಕೊಂಡೇ ನಡೆಯಲು ಕಲಿತಳು. ಇದು ಯಾಕೆ ಹಿಂಗೆ ಎಂದು ಕೇಳಿದರೆ, “ನಿಮ್ಮವ್ವ ಮೀನು ಅಂತ ತಿಳದು ತಿಂದ್ಳು” ಎನ್ನುತ್ತಿದ್ದಳು.

ಹೋದ ವರ್ಷ ಅತ್ತೆ ತೀರಿಕೊಂಡಳು. ಮೈ ತೊಳೆದು ಕೈಗಳನ್ನು ಎದೆಯ ಮೇಲೆ ಜೋಡಿಸುವಾಗ ಬೆರಳೆಲ್ಲ ಕೂತವು, ಅದೊಂದು ಕೂರಲಿಲ್ಲ. ಓಣಿಯ ಮುದುಕಿಯೊಬ್ಬಳು ಅದನ್ನು ಒತ್ತಿ ನೆಟ್ಟಗೆ ಮಾಡಲು ಹೋದಳು. ನಾನು ಅವಳ ಕೈಗೆ ಫಟ್ಟನೆ ಹೊಡೆದೆ. ಹೊಡೆದಾದ ಮೇಲೆ ಯಾಕೆಂದು ಹೇಳಿದೆ:

“ಆ ಬೆರಳು ಹಂಗ ಇರ್ಲಿ. ನನ್ನ ಮಗಳು ಉಳದದ್ದು ಅದರಿಂದ.”