ಕ್ಯಾರವಾನಿನಲ್ಲಿ ಬಟ್ಟೆ ಒಗೆದ ಮೂರು ದಿನ

ಶುಕ್ರವಾರ ಬೆಳಗಿನ ಆರು ಗಂಟೆಗೆ ಬೆಟಗೇರಿಯ ನಮ್ಮ ಮನೆಯ ಮುಂದೆ ಕ್ಯಾರವಾನ್ ಬಂದು ನಿಂತಾಗ ಅರ್ಧ ಓಣಿ ನೋಡಲು ನೆರೆದಿತ್ತು. ಹುಬ್ಬಳ್ಳಿಯಿಂದ ಬಾಡಿಗೆಗೆ ತರಿಸಿದ ಗಾಡಿ. ದಿನಕ್ಕೆ ಎಂಟು ಸಾವಿರ, ಡೀಸೆಲ್ ಬೇರೆ. ಒಳಗೆ ನಾಲ್ಕು ಮಂಚ, ಗ್ಯಾಸಿನ ಒಲೆ, ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು. ಹೊರಟವರು ನಾಲ್ವರು: ನಾನು, ಕಾಳಿನ ವ್ಯಾಪಾರ ಮಾಡುವ ನಮ್ಮ ಯಜಮಾನರು, ಅವರ ಅಕ್ಕ ಗಂಗಕ್ಕ ಮತ್ತು ಗಂಗಕ್ಕನ ಗಂಡ. ಗಾಡಿ ನಡೆಸಲು ಹನುಮಂತಪ್ಪ ಎಂಬ ಹಿರಿಯ ಡ್ರೈವರು. ಹೊರಟದ್ದು ಕಾಶಿಗಲ್ಲ, ಗೋವಾಕ್ಕಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಎಲ್ಲವೂ ನಮ್ಮ ಗದಗ ಜಿಲ್ಲೆಯ ಊರುಗಳು.

ಆ ಊರುಗಳನ್ನು ಆರಿಸಿದವಳು ನಾನು. ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಬಗ್ಗೆ ಇಪ್ಪತ್ತಾರು ವರ್ಷ ಪಾಠ ಹೇಳಿದ್ದೇನೆ, ಒಂದು ಸಲವೂ ಕಣ್ಣಾರೆ ನೋಡಿಲ್ಲ. ನಮ್ಮೂರಿಂದ ಬರೀ ನಲವತ್ತು ಕಿಲೋಮೀಟರು. ಕಳೆದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳಿದಾಗ "ನೋಡೇನವಾ" ಎಂದು ಹಸಿ ಸುಳ್ಳು ಹೇಳಿದ್ದೆ. ಈ ವರ್ಷ ನನಗೆ ನಿವೃತ್ತಿ. ಅಷ್ಟರೊಳಗೆ ಆ ಮಾತನ್ನು ನಿಜ ಮಾಡಿಕೊಳ್ಳಬೇಕಿತ್ತು.

ಹೊರಡುವ ಹಿಂದಿನ ದಿನ ಯಜಮಾನರು ಒಂದು ಡಬ್ಬಿ ತಂದಿದ್ದರು. ಒಳಗೆ ಮಡಚಿದರೆ ಹಿಟ್ಟು ನಾದುವ ಪರಾತದಷ್ಟು ಚಪ್ಪಟೆಯಾಗುವ, ಎಳೆದರೆ ಬಕೆಟ್ಟಿನಷ್ಟಾಗುವ ರಬ್ಬರಿನ ವಾಷಿಂಗ್ ಮಷೀನು. "ನಿನಗ ತ್ರಾಸ ಆಗಬಾರದಂತ ತಂದೇನಿ" ಎಂದರು. ಪ್ರವಾಸಕ್ಕೆ ಹೋದಮೇಲೂ ಬಟ್ಟೆ ಒಗೆಯುವವಳು ನಾನೇ ಎಂಬುದು ಆ ಮಾತಿನಲ್ಲೇ ಇತ್ತು. ನಾನು ಆಗಲೇ ಅದನ್ನು ಅಂಗಡಿಗೆ ವಾಪಸು ಕಳಿಸಬೇಕಿತ್ತು.

ಏಳೂವರೆಗೆ ಲಕ್ಷ್ಮೇಶ್ವರ ಮುಟ್ಟಿದೆವು. ದಾರಿಯುದ್ದಕ್ಕೂ ತೆನೆ ತುಂಬಿದ ಜೋಳದ ಹೊಲ, ಹಿತವಾದ ಚಳಿ. ಗುಡಿಯ ಹತ್ತಿರದ ಬಯಲಿನಲ್ಲಿ ಗಾಡಿ ನಿಂತಿತು. ಗುಡಿಗೆ ಹೋಗುವವರು ಸ್ನಾನ ಮಾಡಬೇಕಲ್ಲ, ಸರದಿಯ ಮೇಲೆ ನಾಲ್ವರದೂ ಆಯಿತು. ಬಿಚ್ಚಿದ ಬಟ್ಟೆಯ ರಾಶಿ ನೋಡಿ ಗಂಗಕ್ಕ ಮೂಗು ಮುರಿದಳು. ಅವಳು ಎಲ್ಲಿಗೆ ಹೋದರೂ ದೇವರ ಪೆಟ್ಟಿಗೆ ಜೊತೆಗಿರುತ್ತದೆ. "ಉಟ್ಟ ಅರಿವಿ, ದೇವ್ರು ಒಂದ ಗಾಡ್ಯಾಗ ಇರೂದಂದ್ರ ಹೆಂಗ? ಮನ್ಯಾಗಾದ್ರ ಬಚ್ಚಲ ಬ್ಯಾರೆ, ದೇವ್ರ ಮನಿ ಬ್ಯಾರೆ. ಮೊದಲ ಅವನ್ನ ಒಗದ ಹಾಕ ಸುಮಿತ್ರಾ."

"ನೀವ್ ನಡೀರಿ, ಬಂದೆ" ಎಂದೆ. ಆ ಮಷೀನಿನ ಹೊಟ್ಟೆ ಎರಡು ಸೀರೆಗೆ ತುಂಬುತ್ತದೆ. ಪಕ್ಕದ ಖಾನಾವಳಿಯ ನಳದಿಂದ ಬಕೆಟ್ಟಿನಲ್ಲಿ ನೀರು ತರಬೇಕು, ತುಂಬಬೇಕು, ಹದಿನೈದು ನಿಮಿಷ ತಿರುಗಿಸಬೇಕು, ಹೊಲಸು ನೀರು ಚೆಲ್ಲಬೇಕು, ಮತ್ತೆ ತುಂಬಬೇಕು, ಆಮೇಲೆ ಪುಟ್ಟ ಬುಟ್ಟಿಯಲ್ಲಿಟ್ಟು ಹಿಂಡಿಸಬೇಕು. ಕೈಯಲ್ಲಿ ಅರ್ಧ ಗಂಟೆಯ ಕೆಲಸ ಮಷೀನಿನಲ್ಲಿ ಎರಡು ತಾಸು. ಕೊನೆಯ ಪಂಚೆ ಹಿಂಡುವಾಗ ಅವರು ಮೂವರೂ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು.

"ನಂದಿನ್ನೂ ಗುಡಿ ನೋಡೂದೈತಿ" ಎಂದೆ.

"ಭಾವನವರು ಗುಳಗಿ ತಗೊಳ್ಳೂ ಹೊತ್ತಾತು, ಶಿರಹಟ್ಟ್ಯಾಗ ಊಟಕ್ಕ ಹೇಳೇನಿ" ಎಂದರು ಯಜಮಾನರು. "ಫೋಟೋ ತಗದೇನಿ, ಗಾಡ್ಯಾಗ ತೋರಸ್ತೇನಿ ಬಾ."

ಫೋಟೋ ಅಂತೆ. ಫೋಟೋ ನಮ್ಮ ಪುಸ್ತಕದಲ್ಲೇ ಇದೆ, ಇಪ್ಪತ್ತಾರು ವರ್ಷದಿಂದ ಅದನ್ನೇ ನೋಡಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಆದರೂ ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದೆ. ಗಂಗಕ್ಕನ ಮುಂದೆ ಜಗಳ ಬೇಡವೆಂದುಕೊಂಡೆ. ನಾನು ಕಟಕಟ ಹಲ್ಲು ಕಡಿದದ್ದು ಯಾರಿಗೂ ಕೇಳಿಸಲಿಲ್ಲ.

ಶಿರಹಟ್ಟಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟಕ್ಕೆ ಹೆಸರಿಡುವಂತಿರಲಿಲ್ಲ. ರಾತ್ರಿ ಅಲ್ಲೇ ತಂಗಿ, ಶನಿವಾರ ಬೆಳಿಗ್ಗೆ ಮತ್ತೆ ಸ್ನಾನ, ಮತ್ತೆ ರಾಶಿ, ಮತ್ತೆ ದೇವರ ಪೆಟ್ಟಿಗೆ. ಉಳಿದವರು ಊರಿನ ಮಠಕ್ಕೆ ಹೋದರು. ನಾನು ಚೆಲ್ಲಿದ ಸಾಬೂನು ನೀರು ಇಳಿಜಾರು ಹಿಡಿದು ಒಂದು ಮನೆಯ ಹೊಸ್ತಿಲಿಗೆ ಹರಿಯಿತು. ಆಗಷ್ಟೇ ರಂಗೋಲಿ ಹಾಕಿ ಎದ್ದಿದ್ದ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯವ್ವಾ, ನಮ್ಮ ಬಾಗಲಕ್ಕ ನಿಮ್ಮ ಹೊಲಸ ನೀರ ಯಾಕ ಬಿಟ್ಟಿ?"

"ತಪ್ಪಾತ್ರಿ ಅಮ್ಮಾ" ಎಂದು ಕಸಬರಿಗೆ ಕೇಳಿ ಪಡೆದು ನೀರು ತಿರುವಿದೆ. ಅವಳು ಕ್ಯಾರವಾನನ್ನು ಮೇಲಿಂದ ಕೆಳಗೆ ನೋಡಿದಳು. "ಇಂಥಾ ದೊಡ್ಡ ಗಾಡಿ ಮಾಡ್ಕೊಂಡ ಊರ ನೋಡಾಕ ಬಂದಿಯೋ, ಅರಿವಿ ಒಗ್ಯಾಕ ಬಂದಿಯೋ?"

ಮುದುಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಕೇಳಿದ್ದು ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ.

ಸಂಜೆ ಮುಂಡರಗಿಯ ದಾರಿಯಲ್ಲಿ ಡಂಬಳ. ಹಿಂದಿನ ದಿನ ಒಗೆದದ್ದು ಗಾಡಿಯೊಳಗೆ ಒಣಗದೆ ಮುಗ್ಗು ವಾಸನೆ ಹಿಡಿದಿತ್ತು, ಅದನ್ನೆಲ್ಲ ಮತ್ತೊಮ್ಮೆ ಮಷೀನಿಗೆ ಹಾಕಿದೆ. ಸಿಕ್ಕ ಹದಿನೈದು ನಿಮಿಷದಲ್ಲಿ ಊರಿನ ಹಳೆಯ ಗುಡಿಗೆ ಓಡಿದೆ. ಅಲ್ಲಿಯ ಗೋಡೆ ಮೂಲೆ ಮೂಲೆಯಾಗಿ ಮುರಿಯುತ್ತ ನಕ್ಷತ್ರದ ಹಾಗೆ ಸುತ್ತುತ್ತದೆ. ಅರ್ಧ ಸುತ್ತು ಬಂದಿದ್ದೆ, ಆ ಕಡೆಯಿಂದ ಯಜಮಾನರ ಕೂಗು ಕೇಳಿತು: "ಸುಮಿತ್ರಾ, ಮಷೀನ್ ಸೀಟಿ ಹೊಡ್ಯಾಕತ್ತೈತಿ." ಅದನ್ನು ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕು. ಅವರು ಒತ್ತಲಿಲ್ಲ, ಕರೆಯಲು ಬಂದರು. ಉಳಿದ ಅರ್ಧ ಗುಡಿ ಹಾಗೆಯೇ ಉಳಿಯಿತು.

ಭಾನುವಾರ ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಬಂದೆವು. ತುಂಗಭದ್ರೆ ಅಲ್ಲಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಾಳೆ. ಗಂಗಕ್ಕ, ಅವಳ ಗಂಡ, ಯಜಮಾನರು ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಗಳನ್ನು ನನ್ನ ಮುಂದೆ ಹಾಕಿದರು. ಮಷೀನು ತಿರುಗತೊಡಗಿತು. ಆಗ ಯಜಮಾನರು ಮೊಬೈಲು ಎತ್ತಿ ಹಿಡಿದರು. ಅಂಗಡಿ ಗೆಳೆಯರಿಗೆ ವಿಡಿಯೋ ಕಳಿಸಬೇಕಿತ್ತಂತೆ, ಹಿಂದೆ ಹೊಳೆ, ಮುಂದೆ ಮಷೀನು, ನಡುವೆ ನಾನು.

"ಒಂಚೂರು ನಕ್ಕೋಂತ ಅರಿವಿ ಹಾಕು" ಎಂದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಗಾಡಿಯೊಳಗಿಂದ ನನ್ನ ಚೀಲ ತಂದು ಭುಜಕ್ಕೆ ಹಾಕಿದೆ.

"ಎಲ್ಲಿಗೆ?"

"ಲಕ್ಷ್ಮೇಶ್ವರಕ್ಕ."

"ಅಲ್ಲಾ, ಮೊನ್ನೆ ನೋಡೇವಲ್ಲ?"

"ನೀವು ನೋಡೀರಿ. ನಾ ನಿಮ್ಮ ಅರಿವಿ ನೋಡೇನಿ."

ಗಂಗಕ್ಕ ಹೊಳೆಯ ಕಡೆ ಮುಖ ಮಾಡಿ, "ಗಂಡನ್ನ ಬಿಟ್ಟ ಒಬ್ಬಾಕಿನ ಗುಡಿಗೆ ಹೋಗೂದು ಎಲ್ಲೆರ ಐತೇನು?" ಎಂದಳು. "ಇವತ್ತಿಂದ ಐತ್ರಿ ಅಕ್ಕಾರ" ಎಂದೆ. ನಲವತ್ತು ದಾಟಿದಾಗಲೇ ಆಡಬೇಕಾದ ಮಾತು, ಅರವತ್ತರ ಹೊಸ್ತಿಲಲ್ಲಿ ಬಂತು. ಬೀಡಿ ಸೇದುತ್ತ ಕುಳಿತಿದ್ದ ಹನುಮಂತಪ್ಪ ಎದ್ದು ನಿಂತ. "ರೋಡಿಗೆ ನಡೀರಿ ಬಾಯಾರ, ಮುಂಡರಗಿ ಬಸ್ ಬರೂ ಹೊತ್ತೈತಿ" ಎಂದು ದಾರಿ ತೋರಿಸಿದ. ಮೂರು ದಿನದಲ್ಲಿ ನನಗೆ ಸಹಾಯ ಮಾಡಿದವನು ಅವನೊಬ್ಬನೇ.

ಮುಂಡರಗಿಯಲ್ಲಿ ಬಸ್ಸು ಬದಲಿಸಿದೆ. ಎರಡೂ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ದಿನಕ್ಕೆ ಎಂಟು ಸಾವಿರದ ಗಾಡಿ ತೋರಿಸದ ಊರನ್ನು ಈ ಚೀಟಿ ತೋರಿಸಲಿತ್ತು. ಕಿಟಕಿಯ ಪಕ್ಕ ಕುಳಿತು ಮೊದಲು ಗಂಡನನ್ನು ಬೈದೆ, ಆಮೇಲೆ ಗಂಗಕ್ಕನನ್ನು. ಶಿರಹಟ್ಟಿ ದಾಟುವಷ್ಟರಲ್ಲಿ ಅವರ ಪಾಲಿನ ಬೈಗುಳ ತೀರಿ ನನ್ನ ಸರದಿ ಬಂತು. ಯಾರು ನನ್ನ ಕಾಲು ಕಟ್ಟಿದ್ದರು? ಗದಗಿನಿಂದ ಲಕ್ಷ್ಮೇಶ್ವರಕ್ಕೆ ತಾಸಿಗೊಂದು ಬಸ್ಸಿದೆ. ಇಪ್ಪತ್ತಾರು ವರ್ಷದ ಯಾವ ಭಾನುವಾರವಾದರೂ ಹೋಗಬಹುದಿತ್ತು. ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾಯುತ್ತ, ಪ್ರತಿ ಭಾನುವಾರ ಮನೆಯಲ್ಲಿ ಬಟ್ಟೆ ಒಗೆದೆ. ಮಾಡಿದ್ದುಣ್ಣೋ ಮಹರಾಯ. ಆ ಸಿಟ್ಟು ಉಳಿದೆಲ್ಲದಕ್ಕಿಂತ ಹೆಚ್ಚು ಸುಟ್ಟಿತು.

ಮೂರೂವರೆಗೆ ಗುಡಿಯ ದೊಡ್ಡ ಬಾಗಿಲು ದಾಟಿದೆ. ಸುತ್ತ ಕೋಟೆಯಂಥ ಗೋಡೆ, ಒಳಗೆ ತಂಪು ಕಲ್ಲಿನ ಹಾಸು. ಪುಸ್ತಕದ ಫೋಟೋದಲ್ಲಿ ಎಲ್ಲ ಬೂದಿ ಬಣ್ಣ. ಇಲ್ಲಿ ಇಳಿಬಿಸಿಲು ಬಿದ್ದ ಕಡೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಇದನ್ನು ಯಾವ ಮಕ್ಕಳಿಗೂ ನಾನು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಹೂವು ಮಾರುವ ಹೆಂಗಸು ಕೇಳಿದಳು: "ಒಬ್ಬರ ಬಂದೀರೇನ್ರಿ?"

"ಹೌದ್ರಿ, ಒಬ್ಬಾಕಿನ."

"ಚಲೋ ಆತ ಬಿಡ್ರಿ, ಸಾವಕಾಶ ನೋಡಾಕ ಬರ್ತೈತಿ" ಎಂದು ಒಂದು ಮೊಳ ಸೇವಂತಿಗೆ ಕೊಟ್ಟಳು.

ಗರ್ಭಗುಡಿಯಲ್ಲಿ ಶಿವ ಪಾರ್ವತಿ ಜೋಡಿಯಾಗಿ ನಂದಿಯ ಬೆನ್ನ ಮೇಲೆ ಕುಳಿತಿದ್ದಾರೆ. ಇದು ನಾನು ನೂರು ಸಲ ಬಾಯಿಪಾಠ ಹೇಳಿಸಿದ ಸಾಲು. ಎದುರಿಗೆ ನಿಂತಾಗ ಕಂಡದ್ದೇ ಬೇರೆ. ಗಂಡ ಹೆಂಡತಿ ಒಂದೇ ವಾಹನದಲ್ಲಿ ಊರು ನೋಡಲು ಹೊರಟಿದ್ದಾರೆ, ಅವಳ ಕೈಗೆ ಯಾರೂ ಬಟ್ಟೆಯ ಗಂಟು ಕೊಟ್ಟಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದವರು ಭಕ್ತಿ ಎಂದುಕೊಂಡಿರಬೇಕು. ಅದು ಸಿಟ್ಟು.

ಹೊರಗೆ ಬಂದು ಸುತ್ತು ಹಾಕುವಾಗ ಮೊಬೈಲು ಬಡಿದುಕೊಂಡಿತು. ಯಜಮಾನರು. ದನಿ ಮೆತ್ತಗಿತ್ತು.

"ಅರಿವಿ ಇನ್ನೂ ನೀರಾಗ ಅದಾವು. ಹಿಂಡೂದು ಹೆಂಗ ಇದರಾಗ?"

"ಕೈಲೆ ಹಿಂಡ್ರಿ" ಎಂದು ಮೊಬೈಲು ಚೀಲಕ್ಕೆ ಹಾಕಿ, ಎರಡನೆಯ ಸುತ್ತಿಗೆ ಹೊರಟೆ.