ಎಣ್ಣೆ ಕೈಯವರ ಪರವಾಗಿ

ತಲೆಗೆ ಎಣ್ಣೆ ಹಚ್ಚಿಕೊಂಡಾದ ಮೇಲೆ ನಿಮ್ಮ ಮನೆಯಲ್ಲಿ ಬಾಟಲಿಯ ಮುಚ್ಚಳವನ್ನು ಯಾರು ಹಾಕುತ್ತಾರೆ? ಹೊನ್ನವಳ್ಳಿಯ ನಮ್ಮ ಮನೆಯಲ್ಲಂತೂ ಹಚ್ಚಿಕೊಂಡವರು ಹಾಕುವುದಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು, "ಯಾರಾರ ಬಂದು ಮುಚ್ಚಳ ಹಾಕ್ರೋ" ಎಂದು ಕೂಗುತ್ತಾರೆ. ಒಣ ಕೈಯವರೊಬ್ಬರು ಗೊಣಗುತ್ತ ಎದ್ದು ಬರುತ್ತಾರೆ. ಇದು ಎಷ್ಟು ಸಹಜವಾಗಿ ಹೋಗಿತ್ತೆಂದರೆ, ಕೊಬ್ಬರಿ ಎಣ್ಣೆಯ ಕಂಪನಿಯಲ್ಲೇ ಕೆಲಸಕ್ಕಿರುವ ನನಗೂ ಇದೊಂದು ತೊಂದರೆ ಎಂದು ಅನ್ನಿಸಿರಲಿಲ್ಲ. ಅನ್ನಿಸಿದ್ದು ಜಯಕ್ಕನಿಗೆ. ಅವರು ಒಬ್ಬರೇ ಇದ್ದವರು. ಕೂಗಿದರೆ ಬರುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಜಯಕ್ಕ ನನಗೆ ನೆಂಟರಲ್ಲ. ತಿಪಟೂರಿನ ಹೊರಗಿರುವ ನಮ್ಮ ದೊಡ್ಡ ಕಂಪನಿಯಲ್ಲಿ ನನ್ನ ಮೇಲಿನ ಅಧಿಕಾರಿ. 'ಬಳಕೆದಾರರ ಅನುಭವ ವಿಭಾಗ' ಎಂಬ ಬೋರ್ಡಿಗೆ ಹೋಲಿಸಿದರೆ ನಮ್ಮ ಕೋಣೆಯೇ ಚಿಕ್ಕದು; ಒಳಗಿದ್ದವರು ನಾವಿಬ್ಬರು. ಎಣ್ಣೆಯ ಗುಣ ನೋಡಲು ಬೇರೆಯವರಿದ್ದರು, ಬೆಲೆ ನೋಡಲು ಬೇರೆಯವರಿದ್ದರು. ಕೊಂಡವರು ಮನೆಗೆ ಒಯ್ದ ಮೇಲೆ ಅದನ್ನು ಹೇಗೆ ಹಿಡಿಯುತ್ತಾರೆ, ಹೇಗೆ ಬಗ್ಗಿಸುತ್ತಾರೆ, ಎಲ್ಲಿ ಬೈದುಕೊಳ್ಳುತ್ತಾರೆ ಎಂದು ನೋಡುವುದಷ್ಟೇ ನಮ್ಮ ಪಾಲಿನ ಕೆಲಸ. ಹೊಳೆಯುವ, ನುಣ್ಣನೆಯ ಹೊಸ ಮುಚ್ಚಳವೊಂದು ಬರಲಿದೆ ಎಂದು ತಿಳಿದಾಗಿನಿಂದ ಜಯಕ್ಕ ಅದರ ಹಿಂದೆ ಬಿದ್ದರು. ಬೆರಳಿಗೆ ಹಿಡಿತ ಸಿಗುವಂತೆ ಸುತ್ತಲೂ ಗೀರುಗಳಿರುವ ಮುಚ್ಚಳವೇ ಬೇಕು, ಎಣ್ಣೆ ಬಾಟಲಿಯನ್ನು ಒಣ ಕೈಯಲ್ಲಿ ಮುಚ್ಚುವವರು ಕಂಪನಿಯ ಆಫೀಸಿನವರು ಮಾತ್ರ ಎಂಬುದು ಅವರ ವಾದ.

"ಏನ್ ಜಯಮ್ಮ, ಮುಚ್ಚಳಕ್ಕೂ ಒಂದು ಮೀಟಿಂಗ್ ಬೇಕೇನ್ರೀ?" ಎಂದು ಖರೀದಿ ವಿಭಾಗದ ಗಿರೀಶ್ ಸರ್ ರೇಗಿಸುತ್ತಿದ್ದರು.

"ಮುಚ್ಚಳ ಬಿಚ್ಚಕ್ಕೆ ಬರ್ದೇ ಹೋದ್ರೆ ನಿಮ್ಮೆಣ್ಣೆನ ಬಾಟ್ಲಿ ಸಮೇತ ತಲೆಗೆ ತಿಕ್ಕೊಬೇಕೇನ್ ಸಾ?"

ಎಲ್ಲರೂ ನಗುತ್ತಿದ್ದರು, ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ದೊಡ್ಡ ಕಂಪನಿಯೆಂದರೆ ಹಾಗೆ. ಬೇಡ ಎನ್ನುವವರು ಯಾರೂ ಇರುವುದಿಲ್ಲ, ಆಗಲಿ ಎನ್ನುವವರು ಸಿಗುವುದಿಲ್ಲ. ನಾನೋ, ಸಭೆಯಲ್ಲಿ ಉಸಿರೆತ್ತುತ್ತಿರಲಿಲ್ಲ. "ಬಾಯಿ ಬುಡೇ ಮಂಜುಳಾ, ಮಾತಿಗೇನು ತೆರಿಗೆ ಹಾಕಲ್ಲ" ಎಂದು ಜಯಕ್ಕ ತಿವಿಯುತ್ತಿದ್ದರು.

ಮುಖವನ್ನೇ ನೋಡದವರಿಗಾಗಿ ಇಷ್ಟೊಂದು ಜಗಳವೇಕೆ ಎಂದು ಒಮ್ಮೆ ಕೇಳಿದ್ದೆ. "ನಿಮ್ಮನೇಲಿ ತುರಿಯೋ ಮಣೆ ಐತಲ್ಲ, ಅದುನ್ನ ಮೊದ್ಲು ಮಾಡ್ದೋನು ನಿನ್ ಮುಖ ನೋಡಿದ್ನೇನೇ?" ಎಂದರು. ಆ ದಿನ ಮನೆಗೆ ಹೋಗಿ ಕಾಯಿ ತುರಿಯಲು ಕುಳಿತಾಗ ಕೈ ತಾನಾಗಿ ನಿಂತಿತು. ನಾನು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು, ಹೆಸರಿಲ್ಲದ ಯಾರೋ ಒಬ್ಬರು, ಕುಳಿತವರ ಭಾರಕ್ಕೆ ಮಣೆ ಅಲುಗದಿರಲಿ, ಎರಡೂ ಕೈ ಕಾಯಿಗೆ ಬಿಡುವಾಗಿರಲಿ ಎಂದು ಯೋಚಿಸಿದ್ದರು. ಪ್ರೀತಿಗೆ ಪರಿಚಯ ಬೇಕೆಂದು ನಾವು ತಿಳಿದಿರುತ್ತೇವೆ. ಕಾಣದವರ ಕೈಯನ್ನು ಕಲ್ಪಿಸಿಕೊಂಡು ಮಾಡಿದ ಒಂದು ಹಿಡಿಕೆಯಲ್ಲೂ ಅದು ಇರಬಲ್ಲದು.

ಈ ಮುಂಗಾರಿನ ಮೊದಲಲ್ಲಿ ಜಯಕ್ಕ ತೀರಿಕೊಂಡರು. ಜ್ವರವೆಂದು ರಜೆ ಹಾಕಿದವರು ಹಿಂದಿರುಗಲಿಲ್ಲ. ಚಿಕ್ಕನಾಯಕನಹಳ್ಳಿಯ ಆಚೆ, ಅವರ ಊರಿನಲ್ಲಿ ಮಣ್ಣು ಮಾಡಿ ಬಂದೆವು. ನೆಂಟರು ಸತ್ತರೆ ಸೂತಕವಿದೆ, ತಿಥಿಯಿದೆ. ಪಕ್ಕದ ಕುರ್ಚಿಯವರು ಸತ್ತರೆ ಏನು ಮಾಡಬೇಕೆಂದು ನಮ್ಮ ಹಿರಿಯರು ಗೊತ್ತುಮಾಡಿಟ್ಟಿಲ್ಲ. ಮರುದಿನ ಬಂದು ಕೆಲಸಕ್ಕೆ ಕೂರಬೇಕು, ಅಷ್ಟೆ. ದುಃಖಕ್ಕೂ ಹಿಡಿದುಕೊಳ್ಳಲು ಏನಾದರೊಂದು ಬೇಕು ಕಣ್ರೀ; ಇಲ್ಲದಿದ್ದರೆ ಅದು ದಿನವಿಡೀ ಕೈ ಜಾರಿ ಬೀಳುತ್ತಲೇ ಇರುತ್ತದೆ.

ಅಷ್ಟರಲ್ಲಿ ಹೊಸ ಮುಚ್ಚಳವನ್ನು ಗೊತ್ತುಮಾಡುವ ಸಭೆ ಬಂತು. ನಾನೊಬ್ಬಳೇ ಉಳಿದಿರುವ ವಿಭಾಗವನ್ನು ಮುಚ್ಚಿ ನನ್ನನ್ನು ಬೇರೆಡೆ ಹಾಕುತ್ತಾರೆಂಬ ಮಾತೂ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ನುಣ್ಣನೆಯ ಮುಚ್ಚಳಕ್ಕೆ ಒಮ್ಮೆ ಆರ್ಡರು ಹೋಯಿತೆಂದರೆ ಜಯಕ್ಕ ಆಡಿದ್ದೆಲ್ಲ ಅಲ್ಲಿಗೆ ಮುಗಿದಂತೆಯೇ. ಅವರ ಮೇಜಿನ ಮೇಲಿದ್ದ ಗೀರು ಮುಚ್ಚಳದ ಮಾದರಿಯನ್ನೂ ನುಣ್ಣನೆಯ ಮುಚ್ಚಳದ ಹೊಸ ಬಾಟಲಿಯನ್ನೂ ಹಿಡಿದು ಹೋದೆ.

"ಹೇಳಮ್ಮ ಮಂಜುಳಾ" ಎಂದರು ಮ್ಯಾನೇಜರ್ ಶ್ರೀನಿವಾಸಯ್ಯನವರು. ಬರೆದುಕೊಂಡು ಹೋದದ್ದೊಂದೂ ಬಾಯಿಗೆ ಬರಲಿಲ್ಲ. ಎದ್ದು, ಬಾಟಲಿ ತೆರೆದು, ಮೇಜಿನ ಸುತ್ತ ನಡೆಯುತ್ತ ಒಬ್ಬೊಬ್ಬರ ಅಂಗೈಗೂ ಎಣ್ಣೆ ಬಿಟ್ಟೆ. ನನ್ನ ಕೈಗೂ ಹಾಕಿಕೊಂಡೆ.

"ಇದೇನಮ್ಮ, ತೀರ್ಥ ಕೊಟ್ಟಂಗೆ ಕೊಡ್ತಿದೀಯ!" ಎಂದರು ಗಿರೀಶ್ ಸರ್.

"ಎರಡೂ ಕೈಗೆ ತಿಕ್ಕೊಳಿ ಸರ್. ಈಗ ಈ ಮುಚ್ಚಳ ಹಾಕಿ, ಮತ್ತೆ ತೆಗೀರಿ."

ಅವರು ಮೆಲ್ಲಗೆ ಕೈಯನ್ನು ಮೇಜಿನ ಕೆಳಗೆ ಇಳಿಸಿದರು.

"ಪ್ಯಾಂಟಿಗೆ ಒರೆಸ್ಕೊಬ್ಯಾಡಿ ಸರ್, ಅದು ಮೋಸದಾಟ."

ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಬೆರಗು. ಸಭೆ ಗೊಳ್ಳೆಂದಿತು. ಮುಚ್ಚಳ ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಜಾರಿ, ಕೊನೆಗೆ ನೆಲಕ್ಕೆ ಬಿದ್ದು ಬೀರುವಿನಡಿಗೆ ಉರುಳಿತು. ಜಯಕ್ಕನ ಮಾದರಿಯನ್ನು ಕೊಟ್ಟೆ. ಶ್ರೀನಿವಾಸಯ್ಯನವರು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಜಯಮ್ಮ ಇಷ್ಟು ದಿನ ಹೇಳ್ತಿದ್ದಿದ್ದು ಇದನ್ನೇ ಅಲ್ವೇನ್ರೀ" ಎಂದವರು ಗಿರೀಶ್ ಸರ್ ಕಡೆ ತಿರುಗಿದರು. "ನುಣ್ಣನೇದು ನಿಲ್ಸಿ ಗಿರೀಶ್. ಗೀರಿರೋದನ್ನ ಮೊದ್ಲು ಒಂದು ಲಾಟು ಮಾಡ್ಸಿ ನೋಡೋಣ."

ಒಂದು ಲಾಟು ಎಂದರೆ ಗೆಲುವಲ್ಲ, ನನಗೆ ಗೊತ್ತು. ಆದರೆ ಮುಂದಿನ ಸಭೆಗೆ ಎಂದು ಯಾರೂ ಅನ್ನಲಿಲ್ಲ.

ಎಲ್ಲರೂ ಕೈ ತೊಳೆಯಲು ಹೊರಗಿನ ಬೇಸಿನ್ನಿನ ಮುಂದೆ ಸಾಲಾದೆವು. ಮೊದಲು ನಿಂತ ಶ್ರೀನಿವಾಸಯ್ಯನವರು ಫಳಫಳ ಹೊಳೆಯುವ ಗುಂಡನೆಯ ನಲ್ಲಿಯನ್ನು ತಿರುಗಿಸಿದರು. ಕೈ ತಿರುಗಿತು, ನಲ್ಲಿ ತಿರುಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ ಹಿಂದಿರುಗಿ ನೋಡಿದರು.

"ಇದನ್ಯಾರ್ರೀ ಕೊಂಡ್ಕೊಂಡು ಬಂದಿದ್ದು?"

ಗಿರೀಶ್ ಸರ್ ಛಾವಣಿ ನೋಡತೊಡಗಿದರು. ಶ್ರೀನಿವಾಸಯ್ಯನವರಿಗೆ ನಗು ತಡೆಯಲಾಗಲಿಲ್ಲ. "ಮಂಜುಳಾ, ಇದನ್ನೂ ನಿಮ್ ವಿಭಾಗಕ್ಕೆ ಸೇರಿಸ್ಕೊಳಮ್ಮ. ಒಬ್ಬಳ ಕೈಲಾಗಲ್ಲ, ಜೊತೆಗೆ ಇನ್ನೊಬ್ಬರನ್ನ ಹುಡುಕೋಣ."

ನಾನು ಸೆರಗಿನ ತುದಿ ಸುತ್ತಿ ನಲ್ಲಿ ತಿರುಗಿಸಿದೆ. ನೀರು ಬಂತು. ಎಲ್ಲರೂ ತೊಳೆದುಕೊಂಡು ಹೋದರು. ನಾನು ಮಾತ್ರ ತೊಳೆಯದೆ ಅಲ್ಲೇ ನಿಂತು, ಆ ನಲ್ಲಿ ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿತ ಸಿಗುತ್ತದೆ ಎಂದು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದೆ.