ನಾಲ್ಕು ಮುಖ ಕಂಡ ಅಂಬಾಸಿಡರ್

ಆ ಮಂಗಳವಾರ ಬೆಳಿಗ್ಗೆ ಮಾಡಿದ ಕೆಲಸಗಳು: ನಲ್ಲಿಯಲ್ಲಿ ನೀರು ಬಂದ ಮುಕ್ಕಾಲು ಗಂಟೆಯಲ್ಲಿ ಎರಡು ಡ್ರಮ್ಮು, ಏಳು ಬಿಂದಿಗೆ ತುಂಬಿಸಿದ್ದು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟದ್ದು. ಶಾಲೆಯ ವ್ಯಾನೊಂದರ ಹರಿದ ಸೀಟಿಗೆ ರೆಕ್ಸಿನ್ ಅಳತೆ ಮಾಡಿ ಕತ್ತರಿಸಿದ್ದು. ಅಂಗಡಿಯ ಮುಂದೆ ಗುಡಿಸಿ ನೀರು ಚಿಮುಕಿಸಿದ್ದು. ಅಪ್ಪನ ಟ್ರಂಕಿನಿಂದ, ತಗಡಿನ ಮೇಲೆ ಅಂಕಿ ಒತ್ತುವ ನಂಬರ್ ಪಂಚಿನ ಪೆಟ್ಟಿಗೆ ತೆಗೆದು, ಒರೆಸಿ, ಅದಕ್ಕೆ ಕೆಲಸ ಕೊಡದೆ ಹಾಗೆಯೇ ಚೀಲಕ್ಕೆ ಹಾಕಿಕೊಂಡದ್ದು. ಇವಿಷ್ಟೂ ಹತ್ತು ಗಂಟೆಯೊಳಗೆ. ಹತ್ತೂವರೆಗೆ ಕಾರೊಂದರ ತಪಾಸಣೆ ಇತ್ತು.

ಅದು 2024ರ ಜನವರಿ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಾನು ವಾಹನಗಳ ಸೀಟು ಹೊಲಿಯುವ ಅಂಗಡಿ ಇಟ್ಟು ಆಗ ಇಪ್ಪತ್ತೊಂಬತ್ತು ವರ್ಷ. ಅದೇ ಸೂರಿನ ಇನ್ನೊಂದು ಬದಿಯಲ್ಲಿ ನಮ್ಮವರು, ನನ್ನ ಗಂಡ ಸೆಲ್ವಂ, ಟಿಂಕರಿಂಗ್ ಮಾಡುತ್ತಾರೆ. ಎಂದರೆ ನೆಗ್ಗಿದ ತಗಡು ಬಡಿದು ಸರಿಮಾಡುವುದು, ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದು. ಸಾವಿರಾರು ಸೀಟು ಹೊಲಿದಿದ್ದೇನೆ. ಆದರೆ ಒಂದು ಕಾರಿಗಾಗಿ ಸರ್ಕಾರಿ ಅಧಿಕಾರಿಯ ಎದುರು ನಿಂತು ವಾದ ಮಾಡಿದ್ದು ಅದೊಂದೇ ಸಲ.

ವಿಷಯ ಶುರುವಾದದ್ದು ಅದಕ್ಕೆ ಎಂಟು ದಿನ ಮೊದಲು. ಬೂದಿಕೋಟೆಯ ಕಡೆಯ ವೆಂಕಟಮುನಿಯಪ್ಪನವರು ತಮ್ಮ ಬಿಳಿ ಅಂಬಾಸಿಡರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆ, ಸ್ಟಿಯರಿಂಗ್ ಹಿಡಿದೇ ಕೂತಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ. ಆರು ಹಸು, ಒಂದೂವರೆ ಎಕರೆ ರಾಗಿ, ಈ ಕಾರು, ಇಷ್ಟು ಅವರ ಆಸ್ತಿ.

"ಗಾಡಿ ಪಾಸ್ ಆಗ್ಲಿಲ್ಲ ಕಣಮ್ಮಣ್ಣಿ. ಇದು ನಿನ್ ಗಾಡೀನೇ ಅಲ್ಲ ಅಂತಾರೆ. ನಲವತ್ತೇಳು ವರ್ಸದಿಂದ ಓಡಿಸ್ತಾ ಇವ್ನಿ. ಇನ್ ಯಾರ್ದಂತೆ, ಕೇಳು ಮತ್ತೆ!"

ಹಳೆಯ ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅಧಿಕಾರಿ ಗಾಡಿಯನ್ನು ಕಣ್ಣಾರೆ ನೋಡಿ, ಆರ್‌ಸಿ ಪುಸ್ತಕದಲ್ಲಿ ಬರೆದಿರುವ ಕಾರು ಇದೇ ಎಂದು ಒಪ್ಪಬೇಕು. ಈ ಕಾರು 1974ರದು. ಏಳು ಸಲ ಪಾಸಾಗಿತ್ತು. ಎಂಟನೆಯ ಸಲ ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ, ಇಳಿಸಿ, ಮುಂದೆ ಹಿಂದೆ ಮೂರು ಸುತ್ತು ಹಾಕಿ, "ಪುಸ್ತಕದಲ್ಲಿ ಮಾರ್ಕ್ ಟೂ. ಮುಖ ನೋವಾ. ಡ್ಯಾಶ್‌ಬೋರ್ಡ್ ಮಾರ್ಕ್ ಫೋರ್. ಎರಡು ಗಾಡಿ ಕತ್ತರಿಸಿ ಒಂದು ಮಾಡಿದ್ದೀರಿ ಅನ್ನೋ ಅನುಮಾನ ಇದೆ" ಎಂದು ಬರೆದುಬಿಟ್ಟರು. ಎಂಟು ದಿನ ಗಡುವು. ರುಜುವಾತು ಮಾಡದಿದ್ದರೆ ನೋಂದಣಿ ರದ್ದು, ಗಾಡಿ ಗುಜರಿಗೆ.

ಆ ಇನ್‌ಸ್ಪೆಕ್ಟರದು ತಪ್ಪಲ್ಲ. ಕದ್ದ ಕಾರಿನ ಮೈಗೆ ಹಳೆಯ ಕಾರಿನ ನಂಬರಿರುವ ತುಂಡು ಬೆಸೆದು ಮಾರುವವರು ಇದ್ದಾರೆ. ಆದರೆ ಈ ಕಾರಿನ ಕಥೆ ಬೇರೆ.

ಅಂಬಾಸಿಡರ್ ಕಾರು ನಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಾಯಿತು. ಬೇರೆ ಕಾರುಗಳು ಹೊಸ ಮಾಡಲ್ ಬಂದಾಗ ಗುರುತು ಸಿಗದಷ್ಟು ಬದಲಾಗುತ್ತವೆ. ಇದು ಹಾಗಲ್ಲ. ಗುಂಡು ಬೆನ್ನು, ಎತ್ತರದ ಚಾವಣಿ, ಅಗಲ ಬಾಗಿಲು ಹಾಗೆಯೇ ಉಳಿದು ಬರೀ ಮುಖ ಬದಲಾಯಿತು. ಮಾರ್ಕ್ ಟೂ ಕಾರಿಗೆ ಒತ್ತೊತ್ತಾದ ಸಣ್ಣ ಚೌಕಳಿಯ ಜಾಲರಿ. ಮಾರ್ಕ್ ಥ್ರೀಗೆ ಅಡ್ಡ ಪಟ್ಟಿಗಳು. ಮಾರ್ಕ್ ಫೋರ್ ಬಂದಾಗ ಜಾಲರಿ ಚಿಕ್ಕದಾಗಿ, ಪಕ್ಕದ ದೀಪಗಳು ಬೇರೆಯಾದವು. ಆಮೇಲೆ ನೋವಾ. ಅದಾದ ಮೇಲೆ ಬಂದ ದೊಡ್ಡ ಎಂಜಿನ್ನಿನ ಗಾಡಿಗಳಲ್ಲಿ ಸ್ಟಿಯರಿಂಗ್ ಪಕ್ಕದ ಗೇರು ನೆಲಕ್ಕಿಳಿಯಿತು. ಮುಂದಿನ ಉದ್ದ ಸೀಟು ಹೋಗಿ ಎರಡು ಬಿಡಿ ಸೀಟು ಬಂದವು.

ವೆಂಕಟಮುನಿಯಪ್ಪನವರು ಊರಿಗಾಂ ಬಂಗಲೆಯಲ್ಲಿದ್ದ ಗಣಿ ಅಧಿಕಾರಿಯೊಬ್ಬರಿಂದ 1977ರಲ್ಲಿ ಈ ಕಾರು ಕೊಂಡರು. ಅವರಿಗೊಂದು ಚಟ. ನೆಂಟರ ಮದುವೆಯಲ್ಲಿ ಯಾರಾದರೂ "ಹಳೇ ಮಾಡಲ್" ಅಂದರೆ ಊಟ ಸೇರುತ್ತಿರಲಿಲ್ಲ. ಪೇಟೆಯಲ್ಲಿ ಹೊಸ ಮುಖದ ಅಂಬಾಸಿಡರ್ ಕಂಡ ವರ್ಷವೇ ಅಂಥದ್ದೇ ಜಾಲರಿ, ಬಾನೆಟ್ ಹುಡುಕಿ ತಂದು ನಮ್ಮಪ್ಪನ ಮುಂದೆ ಇಳಿಸುತ್ತಿದ್ದರು.

ಅಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ರಜೆಯ ದಿನ ಕಾರು ಕೆಲಸ. ಗಣಿಯ ಪದ್ಧತಿಯನ್ನು ಆತ ಮನೆಗೂ ತಂದಿದ್ದ. ಆಳು ಇಳಿಸುವ ಬೋನಿನ ಸರಪಳಿ, ಕೊಂಡಿ, ಯಾವುದೇ ಆಗಲಿ, ಪರೀಕ್ಷೆ ಮಾಡಿದವನು ಅದರ ಮೇಲೆ ಉಕ್ಕಿನ ಪಂಚಿಟ್ಟು ಸುತ್ತಿಗೆಯಿಂದ ವರ್ಷದ ಅಂಕಿ ಹೊಡೆಯಬೇಕು. ಕಾರಿಗೆ ಹಾಕಿದ ಪ್ರತಿ ಬದಲಿ ಭಾಗದ ಒಳಮೈಗೂ ಅಪ್ಪ ಎರಡಂಕಿಯ ವರ್ಷ, ಪಕ್ಕದಲ್ಲೊಂದು ಸಣ್ಣ ತ್ರಿಕೋನ ಹೊಡೆಯುತ್ತಿದ್ದ. "ಕಣ್ಣಾಗೆ ನೋಡ್ದೆ ಗುರುತು ಆಕ್ಬಾರ್ದು ಕಣೆ. ಕೆಳಗಿಳಿಯೋನು ಆ ಅಂಕಿ ನಂಬ್ಕೊಂಡು ಇಳೀತಾನೆ" ಎನ್ನುತ್ತಿದ್ದ.

ಹಾಗಾಗಿ ನನಗೆ ಭಯವಿರಲಿಲ್ಲ. ಮೂರು ದಿನ ಕೂತು ಕಾರಿನ ಒಳಗನ್ನೆಲ್ಲ ಬಿಚ್ಚಿದೆವು. ಬಾಗಿಲ ಒಳಹಲಗೆ ತೆಗೆದೆ, ಸೀಟು ಎತ್ತಿದೆ, ಬಾನೆಟ್ಟಿನ ಒಳಮೈಯ ಮಣ್ಣು ಉಜ್ಜಿದೆ. ಒಂದೊಂದೇ ಗುರುತು ಮೇಲೆದ್ದಿತು: ಎಡ ಮಡ್‌ಗಾರ್ಡಿನಲ್ಲಿ 78, ಡ್ಯಾಶ್‌ಬೋರ್ಡಿನ ಹಿಂದೆ 84, ಬಾನೆಟ್ಟಿನಲ್ಲಿ 93.

"ಏನ್ ಮಾಮಾ, ಮದುವೆಗೊಂದು ಮುಖ ಇಟ್ಟವರು ನೀವು. ಈಗ ಕೋರ್ಟ್‌ಗೆ ಹೋದ ಹಾಗೆ ನಾವು ಸಾಕ್ಷಿ ಹುಡುಕ್ಬೇಕು!" ಎಂದರು ನಮ್ಮವರು, ತಮ್ಮ ತಮಿಳು ರಾಗದಲ್ಲಿ.

"ಬಾಯ್ಮುಚ್ಚಲಾ ಸೆಲ್ವ. ನೋವಾ ಮುಖ ಆಕ್ಸಿದ್ ದಿನ ಮುಂದಿನ ಸೀಟಾಗ್ ಕೂತು ಪೇಟೆಯೆಲ್ಲ ಕೈ ಬೀಸ್ಕೊಂಡು ಓಗಿದ್ದೋನು ಯಾರ್ಲಾ? ನನ್ ತಾತನಾ?"

ಆಮೇಲೆ ಹಿಂದಿನ ಎಡಬದಿಯ ಮ್ಯಾಟು ಎತ್ತಿದೆ. ಅಲ್ಲಿ ನಗು ನಿಂತಿತು.

ಕಾಲಿಡುವ ಜಾಗದಲ್ಲಿ ವೆಲ್ಡ್ ಮಾಡಿದ ಹೊಸ ತಗಡು. ಅಂಕಿ ಇಲ್ಲ, ತ್ರಿಕೋನ ಇಲ್ಲ. ಅದು ನಮ್ಮದೇ ಕೆಲಸ, 2016ರದು. ಅಪ್ಪ ತೀರಿಕೊಂಡು ಆಗ ಐದು ವರ್ಷ. ಪಂಚಿನ ಪೆಟ್ಟಿಗೆಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದವಳು ನಾನೇ. ಸೀಟು ಹೊಲಿಯುವವಳು, ಆತನ ಪಂಚು ಹಿಡಿಯಲು ನಾನ್ಯಾರು ಎಂದುಕೊಂಡಿದ್ದೆ. ಎರಡು ಕಾರು ಕತ್ತರಿಸಿ ಬೆಸೆಯುವವರು ಬೆಸುಗೆ ಹಾಕುವುದೂ ಸರಿಯಾಗಿ ಅಂಥ ಜಾಗದಲ್ಲೇ, ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ.

ನಮ್ಮವರು ತಲೆ ಕೆರೆದು, "ಪಂಚ್ ಮನೇಲೇ ಇದೆಯಲ್ಲಮ್ಮಾ. ಹದಿನಾರು ಅಂತ ಹೊಡೆದುಬಿಡು. ಸುಳ್ಳೇನಲ್ಲ, ಹದಿನಾರರಲ್ಲೇ ಮಾಡಿದ್ದು" ಎಂದರು.

ಲೆಕ್ಕಕ್ಕೆ ಸರಿಯೇ. ಆದರೆ ಇವತ್ತು ಹೊಡೆದು ಅಂದಿನ ಅಂಕಿ ಹಾಕಿದರೆ ಉಳಿದ ಅಂಕಿಗಳಿಗೆಲ್ಲ ಬೆಲೆ ಏನು? "ಹೊಡೆಯಲ್ಲ" ಎಂದೆ. "ಬರೀ ತಗಡೇ ತೋರಿಸ್ತೀನಿ. ಬಿದ್ದೋದ್ರೆ ಬಿದ್ದೋಗ್ಲಿ."

"ಬಿದ್ದೋದ್ರೆ ನಿನ್ ಕಾರಲ್ಲ, ಅವರ ಕಾರು" ಎಂದರು. ಆ ಮಾತು ನನಗೆ ನಾಟಿತು.

ಯಾಕೆಂದರೆ ಈ ಕಾರು ಬರೀ ಷೋಕಿಯದಲ್ಲ. ವೆಂಕಟಮುನಿಯಪ್ಪನವರ ಹೆಂಡತಿ ನಾರಾಯಣಮ್ಮನವರು 2015ರಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು. ಎಡಗಾಲಿಗೆ ರಾಡು ಹಾಕಿದರು. ಮಂಡಿ ಮತ್ತೆ ಮಡಚಲಿಲ್ಲ. ಬಸ್ಸು ಹತ್ತಲಾರರು. ಆಟೋದಲ್ಲಿ ಕೂತರೆ ಕಾಲು ರಸ್ತೆಗೆ ಚಾಚುತ್ತದೆ. ಹೊಸ ಕಾರುಗಳಲ್ಲಿ ಮುಂದಿನ ಬಿಡಿ ಸೀಟಿನ ಕೆಳಗೆ ಕಂಬಿ, ಸ್ಪ್ರಿಂಗು. ಕಾಲು ತೂರಿಸಲು ಜಾಗವಿಲ್ಲ. ಈ ಕಾರಿನ ಮುಂದಿನ ಉದ್ದ ಸೀಟನ್ನು ಮಾತ್ರ ನಾನು ಯಾವ ಮಾಡಲ್ ಬಂದರೂ ಬದಲಾಯಿಸಲು ಬಿಟ್ಟಿರಲಿಲ್ಲ. ಅದರ ಎಡ ಅರ್ಧದ ಅಡಿಭಾಗ ಬಿಡಿಸಿ ಕಾಲಿಗೆ ದಾರಿ ಮಾಡಿದೆ. ತುಕ್ಕು ಹಿಡಿದ ನೆಲ ಕತ್ತರಿಸಿ, ಹಿಮ್ಮಡಿ ಊರಲು ಓರೆಯಾಗಿ ಎತ್ತರಿಸಿದ ತಗಡನ್ನು ನಮ್ಮವರು ಬೆಸೆದರು. ಆಮೇಲೆ ನಾರಾಯಣಮ್ಮನವರು ಸೋಮವಾರ ಸೋಮವಾರ ಬಂಗಾರಪೇಟೆಗೆ ಕಾಲಿನ ವ್ಯಾಯಾಮಕ್ಕೆ ಹೋಗಿಬಂದರು. ತಮ್ಮೂರ ಹಾಲಿನ ಸಂಘಕ್ಕೆ ಅಧ್ಯಕ್ಷೆಯೂ ಆದರು. ಕಾರು ಹೋದರೆ ಆಕೆಗೆ ಮನೆಯ ಜಗುಲಿಯೇ ಗತಿ.

ಮಂಗಳವಾರ ಹತ್ತೂವರೆಗೆ ತಪಾಸಣೆಯ ಮೈದಾನದಲ್ಲಿ ಕಾರು ನಿಲ್ಲಿಸಿದೆವು. ನಾರಾಯಣಮ್ಮನವರು, ಬೇಡವೆಂದರೂ ಕೇಳದೆ, ಹಿಂದಿನ ಸೀಟಿನಲ್ಲೇ ಬಂದಿದ್ದರು. ಇಳಿದು ಬೇವಿನ ಮರದಡಿ ಊರುಗೋಲು ಹಿಡಿದು ನಿಂತರು. ಇನ್‌ಸ್ಪೆಕ್ಟರ್ ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ನಾನು ಒಂದೊಂದು ಗುರುತನ್ನೂ ತೋರಿಸಿದೆ. ಟಾರ್ಚು ಹಿಡಿದು ಎಲ್ಲವನ್ನೂ ನೋಡಿದರು. ಎಂಜಿನ್ ನಂಬರ್ ಪುಸ್ತಕದಲ್ಲಿದ್ದದ್ದೇ. ಚಾಸಿ ನಂಬರಿನ ಸುತ್ತ ಕತ್ತರಿಸಿದ ಗುರುತಿಲ್ಲ.

"ಇಷ್ಟೆಲ್ಲ ಬದಲಾದ ಮೇಲೆ ಇದನ್ನ 74ರ ಗಾಡಿ ಅಂತ ಹೇಗಮ್ಮ ಬರೀಲಿ?"

"ಸಾರ್, ಕಂಪನಿಯೋರೇ ಅಷ್ಟು ವರ್ಷ ಮುಖ ಬದಲಾಯಿಸಿ ಬದಲಾಯಿಸಿ ಅದೇ ಹೆಸರಲ್ಲಿ ಮಾರಿದ್ರು. ಇದು ಅಂಬಾಸಿಡರ್ ಅಲ್ಲ ಅಂತ ಅವರನ್ನ ಯಾರೂ ಕೇಳ್ಲಿಲ್ಲ. ಇವ್ರು ಬದಲಾಯಿಸಿದ್ರೆ ಮಾತ್ರ ಗಾಡಿ ಬೇರೆ ಆಗೋಯ್ತಾ? ಬದಲಾಯಿಸಿದ್ದಕ್ಕೆಲ್ಲ ಅಂಕಿ ಇದೆ. ಅಂಕಿ ಇಲ್ಲದ್ದು ಕಾರ್ಖಾನೆಯಿಂದ ಬಂದದ್ದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಆಗಲೇ ಬಗ್ಗಿ ಮ್ಯಾಟು ಎತ್ತಿದ್ದರು.

"ಹಾಗಾದ್ರೆ ಇದು? ಇದಕ್ಕೆ ಅಂಕಿ ಇಲ್ಲ. ಕಾರ್ಖಾನೆಯದಾ?"

"ಅಲ್ಲ ಸಾರ್. ಅದು ನಾವು ಮಾಡಿದ್ದು, 2016ರಲ್ಲಿ. ಗುರುತು ಹಾಕಬೇಕಿತ್ತು, ಹಾಕ್ಲಿಲ್ಲ. ತಪ್ಪು ನಂದು. ಪಂಚು ಇಲ್ಲೇ ಚೀಲದಲ್ಲಿದೆ. ಬೆಳಿಗ್ಗೆ ಹೊಡೆದು, ಮಣ್ಣು ಮೆತ್ತಿ ತರಬಹುದಿತ್ತು. ತರಲಿಲ್ಲ."

ಅವರು ಬೆಸುಗೆಯ ಮೇಲೆ ಟಾರ್ಚು ಬಿಟ್ಟರು. "ಎರಡು ಗಾಡಿ ಜೋಡಿಸೋದೂ ಇಲ್ಲೇ."

"ಜೋಡಿಸಿದ್ರೆ ಬೆಸುಗೆ ಈ ಬಾಗಿಲಿಂದ ಆ ಬಾಗಿಲವರೆಗೆ ಇರಬೇಕು. ಬಲಗಡೆ ಮ್ಯಾಟೂ ಎತ್ತಿ. ನಡುವಿನ ದಿಬ್ಬ ನೋಡಿ, ಬಾಗಿಲ ಕೆಳಗಿನ ತೊಲೆ ನೋಡಿ. ಕಾರ್ಖಾನೆಯ ಚುಕ್ಕಿ ಬೆಸುಗೆ ಒಂದೂ ಕಿತ್ತಿಲ್ಲ." ನನ್ನ ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು.

ಅವರು ನೆಲದ ಮೇಲೆ ಮಲಗಿ ಕಾರಿನ ಅಡಿಗೆ ತೂರಿದರು. ಹತ್ತು ನಿಮಿಷ ಬೂಟು ಮಾತ್ರ ಕಾಣುತ್ತಿತ್ತು. ಎದ್ದು ಮಣ್ಣು ಕೊಡವಿಕೊಂಡು, "ಅಡ್ಡ ಬೆಸುಗೆ ಇಲ್ಲ, ನಿಜ. ಆದರೆ ಈ ಒಂದು ಕಡೆ ಯಾಕೆ ಹೀಗೆ ಓರೆ ಎತ್ತಿದ್ದೀರಿ? ಯಾವ ಮಾಡಲ್‌ನಲ್ಲೂ ಇದು ಇಲ್ಲ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬೇವಿನ ಮರದ ಕಡೆಯಿಂದ ಊರುಗೋಲಿನ ಸದ್ದು ಬಂತು.

"ಅದು ಎಂಥ ಮಾಡಲ್ ಅಂತ ನಾನ್ ತೋರಿಸ್ತೀನಿ, ತಡೀರಿ ಸಾಮಿ. ಏಯ್, ಬಾಗ್ಲು ಇಡ್ಕೊಳ್ರೀ, ಏನ್ ನೋಡ್ತಾ ನಿಂತಿದ್ದೀರ!" ಎರಡನೆಯದು ಗಂಡನಿಗೆ.

ನಾರಾಯಣಮ್ಮನವರು ಮೊದಲು ಸೊಂಟ ಊರಿ, ಸೀಟಿನ ಮೇಲೆ ಹಿಂದಕ್ಕೆ ಜರುಗಿ, ನೆಟ್ಟಗಿನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಸೀಟಿನ ಅಡಿಗೆ ಬಿಟ್ಟರು. ಹಿಮ್ಮಡಿ ಹೋಗಿ ತಗಡಿನ ಮೇಲೆ ಕೂತಿತು. ಎಂಟು ವರ್ಷ ಅದೇ ಹಿಮ್ಮಡಿ ಉಜ್ಜಿ ಅಲ್ಲಿ ಬಣ್ಣ ಹೋಗಿ, ತಗಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿನೊಳಗೆ ಕಾಲು ಅಚ್ಚಿನಲ್ಲಿ ಇಟ್ಟಂತೆ ಕೂತಿತು.

"ನಿಮ್ ಪುಸ್ತಕದಾಗೆ ನನ್ ಕಾಲು ಬರ್ದೈತಾ ಸಾಮಿ? ಇಲ್ಲಾಂದ್ರೆ ಬರ್ಕೊಳ್ಳಿ. ಈ ಗಾಡಿ ಗುಜರಿಗಾಕಿದ್ರೆ ನನ್ನೂ ಅದ್ರೊಳಗೇ ಇಟ್ಟು ಆಕಿ, ಇಳಿಯಾಕಿಲ್ಲ ನಾನು."

ಇನ್‌ಸ್ಪೆಕ್ಟರ್ ನಗಲಿಲ್ಲ. ಬಗ್ಗಿ ಆ ಹೊಳಪನ್ನು ಟಾರ್ಚಿನಲ್ಲಿ ನೋಡಿದರು, ಹಿಮ್ಮಡಿಯನ್ನೂ ನೋಡಿದರು. ಆಮೇಲೆ ನನ್ನ ಕೈಗೆ ಬಿಳಿ ಹಾಳೆಗಳನ್ನು ಕೊಟ್ಟು, ಬದಲಾದ ಭಾಗಗಳ ಪಟ್ಟಿಯನ್ನು ವರ್ಷದ ಸಮೇತ ಬರೆದು ಸಹಿ ಮಾಡಲು ಹೇಳಿದರು. ನಾಲ್ಕು ಪುಟವಾಯಿತು. ಕೊನೆಯ ಸಾಲಿನಲ್ಲಿ ನೆಲದ ತಗಡು. ಗುರುತು ಹಾಕಿಲ್ಲ, ತಪ್ಪು ನನ್ನದು ಎಂದು ಬರೆದೆ. "ತಪ್ಪು ನನ್ನದು ಅಂತ ಬರೆಯೋರನ್ನ ಇಲ್ಲಿ ನಾನು ನೋಡಿರಲಿಲ್ಲ" ಎಂದು ಅವರು ಐದು ವರ್ಷಕ್ಕೆ ಮೊಹರು ಹಾಕಿದರು.

ಮೈದಾನದ ಆಚೆ ಕಾರು ನಿಲ್ಲಿಸಿ ಪಂಚಿನ ಪೆಟ್ಟಿಗೆ ತೆರೆದೆ. ನಮ್ಮವರು ಸುತ್ತಿಗೆ ಕೊಟ್ಟು, "ಈಗಲಾದ್ರೂ ಹದಿನಾರಾ?" ಎಂದರು. ಇಪ್ಪತ್ನಾಲ್ಕು ಎಂದೆ. ಅಂಕಿ ತಗಡು ಮಾಡಿದ ದಿನದ್ದಲ್ಲ, ಕಣ್ಣಾರೆ ಪರೀಕ್ಷೆ ಮಾಡಿದ ದಿನದ್ದು. ಎರಡು ಏಟಿಗೆ ಎರಡಂಕಿ ಕೂತವು. ತ್ರಿಕೋನ ಅಪ್ಪನದು, ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಸೂಜಿಯಷ್ಟು ಉದ್ದದ ಒಂದು ಗೆರೆ ಹೊಡೆದೆ. ಅವತ್ತಿನಿಂದ ಅದು ನನ್ನ ಗುರುತು. ಈಗ ನಾನು ಹೊಲಿದ ಪ್ರತಿ ಸೀಟಿನ ಅಡಿಯ ಕಂಬಿಯಲ್ಲೂ ಅದು ಇರುತ್ತದೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಬದಲಾಯಿಸುವುದಕ್ಕೆ ನಾಚಬೇಕಾಗಿಲ್ಲ, ಬದಲಾಯಿಸಿದ್ದನ್ನು ಮುಚ್ಚಿಡುವುದಕ್ಕೆ ನಾಚಬೇಕು. ಮುಚ್ಚಿಡದವರು ಯಾರ ಎದುರಿಗೂ ಧ್ವನಿ ತಗ್ಗಿಸಬೇಕಾಗಿಲ್ಲ.

ನಾರಾಯಣಮ್ಮನವರು ಬಿಡಲಿಲ್ಲ, ಸಂಜೆ ಅವರ ಮನೆಗೇ ಊಟಕ್ಕೆ ಹೋದೆವು. ಬಿಸಿ ಮುದ್ದೆ, ಹಿತಕಿದ ಅವರೆಬೇಳೆಯ ಸಾರು, ಮೇಲೊಂದು ಲೋಟ ಮಜ್ಜಿಗೆ. ನಮ್ಮವರು ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಅರ್ಧ ಕೇಳಿದರು. ಕಾರಿನ ಗಾಜು ಏರಿಸಿ ಬರುತ್ತೇನೆಂದು ಹೋದ ವೆಂಕಟಮುನಿಯಪ್ಪನವರು ರಾತ್ರಿ ಏಳೂವರೆಯಾದರೂ ಬರಲಿಲ್ಲ. ಹೋಗಿ ನೋಡಿದರೆ, ಮುಂದಿನ ಉದ್ದ ಸೀಟಿನಲ್ಲಿ ಈ ಬಾಗಿಲಿಗೆ ತಲೆ, ಆ ಬಾಗಿಲ ಕಡೆಗೆ ಕಾಲು ಹಾಕಿ, ಅವತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.